ಯಾರ ಕೊಳಗದಲ್ಲಿ ಅಳೆದದ್ದು?

ನಗರ ಅಂದರೆ ನಮ್ಮ ಕಡೆಯವರಿಗೆ ಬೆಂಗಳೂರಲ್ಲ, ಶಿವಮೊಗ್ಗವೂ ಅಲ್ಲ. ಹೊಸನಗರದಿಂದ ಕೊಲ್ಲೂರಿಗೆ ಹೋಗುವ ದಾರಿಯಲ್ಲಿ ಸಿಗುವ ಒಂದು ಸಣ್ಣ ಊರು. ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ ‘ನಾನು ನಗರದವಳು’ ಎಂದಾಗಲೆಲ್ಲ ‘ಯಾವ ನಗರ?’ ಎಂಬ ಪ್ರಶ್ನೆ ಬರುತ್ತದೆ. ಕೆಳದಿ ಅರಸರ ಕಾಲದಲ್ಲಿ ಇದು ಬಿದನೂರು. 1763ರಲ್ಲಿ ಹೈದರಾಲಿ ಗೆದ್ದುಕೊಂಡು ಹೈದರನಗರ ಎಂದು ಹೆಸರಿಟ್ಟ. ಹೈದರ್ ಎಂಬುದು ಬರಬರುತ್ತಾ ಉದುರಿಹೋಗಿ ನಗರ ಮಾತ್ರ ಉಳಿಯಿತು. ಹಳೆಯ ಕಲ್ಲೂರುಕಟ್ಟೆ ಹೊಸನಗರವಾಗಿದ್ದು ಆಮೇಲೆ. ರಾಜಧಾನಿಯಾಗಿದ್ದ ಊರು ಈಗ ಒಂದು ಹೋಬಳಿ.

ನನ್ನ ಪಿಎಚ್‌.ಡಿ. ಈ ಊರಿನ ಶಿವಪ್ಪ ನಾಯಕನ ಭೂಕಂದಾಯದ ಮೇಲೆ. ‘ಶಿಸ್ತಿನ ಶಿವಪ್ಪ ನಾಯಕ’ ಎಂದು ನಾವೆಲ್ಲ ಶಾಲೆಯಲ್ಲಿ ಓದಿದವರೇ. ಆ ಶಿಸ್ತು ಎಂದರೆ ಬೆಳಗ್ಗೆ ಬೇಗ ಏಳುವುದು ಎಂದು ನಾನು ಏಳನೇ ಕ್ಲಾಸಿನವರೆಗೂ ನಂಬಿದ್ದೆ. ಅದು ಭೂಮಿಗೆ ಕಟ್ಟಿದ ಕಂದಾಯದ ಹೆಸರು.

ಸಂಶೋಧನೆಯ ಎರಡನೇ ವರ್ಷ ನನ್ನ ಮಾರ್ಗದರ್ಶಕರು ಒಂದು ಪುಸ್ತಕ ಕೊಟ್ಟು, ‘ಒಬ್ಬ ಭೂಮಾಲೀಕ ತನ್ನ ಬದುಕನ್ನು ತಾನೇ ಹೇಳಿಕೊಂಡರೆ ಏನು ಹೇಳುತ್ತಾನೆ ನೋಡಿ’ ಎಂದರು. ಅದು ಗೋಟ್ಜ್ ಫಾನ್ ಬರ್ಲಿಶಿಂಗೆನ್ ಎಂಬ ಜರ್ಮನ್ ಸರದಾರನ ಆತ್ಮಕಥೆಯ ಇಂಗ್ಲಿಷ್ ಅನುವಾದ. 1480ರ ಸುಮಾರಿಗೆ ಹುಟ್ಟಿದವನು. 1504ರಲ್ಲಿ ಲಾಂಡ್ಸ್‌ಹುಟ್ ಎಂಬಲ್ಲಿ ಫಿರಂಗಿ ಗುಂಡಿಗೆ ಕೈ ಕಳೆದುಕೊಂಡ. ಬೆರಳು ಮಡಚುವಂಥ ಕಬ್ಬಿಣದ ಕೈ ಮಾಡಿಸಿಕೊಂಡು ಮತ್ತೆ ಜಗಳಕ್ಕೆ ಹೊರಟ. 1517ರಲ್ಲಿ ಹಾರ್ನ್‌ಬರ್ಗ್ ಎಂಬ ಕೋಟೆಯನ್ನೇ ಕೊಂಡ. ಎರಡು ಶತಮಾನ ಕಳೆದ ಮೇಲೆ ಗಯಟೆ ಇವನ ಬಗ್ಗೆ ನಾಟಕ ಬರೆದು ಜಗತ್ತಿಗೆಲ್ಲ ಪರಿಚಯ ಮಾಡಿಸಿದ.

ಮುದುಕನಾದ ಮೇಲೆ ಹೇಳಿ ಬರೆಸಿದ ಆ ಕತೆಯಲ್ಲಿ ಕುದುರೆಗಳಿವೆ, ಹಗೆಗಳಿವೆ, ಸೆರೆವಾಸವಿದೆ. ಅವನ ಹೊಲ ಉತ್ತವರು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಅವರು ಎದುರಿಗೆ ಬಂದು ನಿಲ್ಲುವುದು 1525ರಲ್ಲಿ. ಆ ವರ್ಷ ಜರ್ಮನಿಯ ರೈತರು ದಂಗೆ ಎದ್ದರು. ಗೋಟ್ಜ್ ಒಂದು ತಿಂಗಳ ಕಾಲ ಅವರ ದಂಡಿಗೆ ನಾಯಕನಾಗಿದ್ದ. ಬಲವಂತದಿಂದ ಒಪ್ಪಿಕೊಂಡೆ ಎನ್ನುವುದು ಅವನ ಸಮಜಾಯಿಷಿ. ದಂಗೆಯನ್ನು ತುಳಿಯುವಾಗ ಸುಮಾರು ಒಂದು ಲಕ್ಷ ರೈತರು ಸತ್ತರೆಂದು ಇತಿಹಾಸಕಾರರ ಅಂದಾಜು. ಗೋಟ್ಜ್ ಮಾತ್ರ ತನ್ನ ಕೋಟೆಯಲ್ಲೇ 1562ರವರೆಗೆ ಬದುಕಿದ.

ಆ ರೈತರು ಮೆಮ್ಮಿಂಗೆನ್ ಎಂಬ ಊರಿನಲ್ಲಿ ಸೇರಿ ಹನ್ನೆರಡು ಬೇಡಿಕೆಗಳನ್ನು ಬರೆದು ಅಚ್ಚು ಹಾಕಿಸಿದ್ದರು. ಎಂಟನೆಯದನ್ನು ಓದಿದಾಗ ನಾನು ಎದ್ದು ಕೂತೆ. ನಾವು ಹಿಡಿದ ಭೂಮಿ ಈ ಗೇಣಿಯನ್ನು ತಾಳುವುದಿಲ್ಲ, ಮಾನವಂತರಾದ ನಾಲ್ಕು ಜನ ಬಂದು ಜಮೀನು ನೋಡಿ, ನ್ಯಾಯವಾದ ಗೇಣಿ ಗೊತ್ತು ಮಾಡಲಿ ಎಂಬುದು ಅದರ ತಾತ್ಪರ್ಯ. ಅಲ್ಲಿ ಕೇಳಿಯೂ ಸಿಗದೇ ಹೋದದ್ದನ್ನು, ಸುಮಾರು ನೂರಿಪ್ಪತ್ತೈದು ವರ್ಷಗಳ ನಂತರ ನಮ್ಮೂರಿನ ದೊರೆ ತಾನಾಗಿಯೇ ಮಾಡಿದನಲ್ಲ ಎಂದು ನನಗೆ ಹೆಮ್ಮೆಯಾಯಿತು.

ಏಕೆಂದರೆ ಶಿಸ್ತು ಅಂಥದ್ದೇ ಕೆಲಸ. ಶಿವಪ್ಪ ನಾಯಕ ಆಳಿದ್ದು 1645ರಿಂದ 1660ರವರೆಗೆ. ಲೂಯಿ ರೈಸ್ ತನ್ನ ಗೆಜೆಟಿಯರಿನಲ್ಲಿ ದಾಖಲಿಸಿರುವ ಪ್ರಕಾರ, ಅವನು ಭೂಮಿಯನ್ನು ಉತ್ತಮ, ಮಧ್ಯಮ, ಕನಿಷ್ಠ, ಅಧಮ, ಅಧಮಾಧಮ ಎಂದು ಐದು ದರ್ಜೆ ಮಾಡಿದ. ಊರೂರಿನಲ್ಲೂ ಒಂದೊಂದು ದರ್ಜೆಯ ಒಂದೊಂದು ಗದ್ದೆಯನ್ನು 12 ವರ್ಷ ತನ್ನ ಖರ್ಚಿನಲ್ಲಿ ಮಾಡಿಸಿದ. ಬಿತ್ತಿದ ಬೀಜ, ಬೇಸಾಯದ ಖರ್ಚು, ಬಂದ ಬೆಳೆ, ಅದರ ಬೆಲೆ ಎಲ್ಲವನ್ನೂ ಬರೆಸಿದ. ಹನ್ನೆರಡು ವರ್ಷದ ಸರಾಸರಿ ತೆಗೆದು, ಹುಟ್ಟುವಳಿಯಲ್ಲಿ ಮೂರನೇ ಒಂದು ಪಾಲು ಅರಮನೆಗೆ ಎಂದು ಗೊತ್ತು ಮಾಡಿದ. ಅಡಿಕೆ ತೋಟಕ್ಕೆ ಬೇರೆಯೇ ಲೆಕ್ಕ. ಮಳೆ ಜಾಸ್ತಿಯಾದ ವರ್ಷ, ಕಡಿಮೆಯಾದ ವರ್ಷ, ರೋಗ ಬಂದ ವರ್ಷ ಎಲ್ಲವೂ ಆ ಸರಾಸರಿಯೊಳಗೆ ಸೇರಿಕೊಂಡವು.

ಇದನ್ನೆಲ್ಲ ಜರ್ಮನ್ ರೈತರ ಬೇಡಿಕೆಯ ಪಕ್ಕದಲ್ಲಿಟ್ಟು ಒಂದು ಅಧ್ಯಾಯ ಬರೆದೆ. ದೀಪಾವಳಿಗೆ ಊರಿಗೆ ಹೋದಾಗ ಜಗಲಿಯಲ್ಲಿ ಅಡಿಕೆ ಸುಲಿಯುತ್ತಾ ಕೂತಿದ್ದ ಅಜ್ಜನಿಗೆ ಉತ್ಸಾಹದಿಂದ ಹೇಳಿದೆ. ಹನ್ನೆರಡು ವರ್ಷ, ಐದು ದರ್ಜೆ, ಮೂರನೇ ಒಂದು ಪಾಲು. ಅಜ್ಜ ಪೂರ್ತಿ ಕೇಳಿದ. ಆಮೇಲೆ, ‘ಅದೆಲ್ಲ ಸರಿ ಮಗಾ. ಯಾರ ಕೊಳಗದಲ್ಲಿ ಅಳೆದದ್ದು?’ ಅಂದ.

ನನ್ನಲ್ಲಿ ಉತ್ತರವಿರಲಿಲ್ಲ.

ಅಜ್ಜನಿಗೆ ಈಗ ಎಂಬತ್ತೈದರ ಹತ್ತಿರ. ಅವನ ಅಪ್ಪ ಗೇಣಿಗೆ ಗದ್ದೆ ಮಾಡಿದವರು. ಒಡೇರ ಮನೆಯಲ್ಲಿ ಎರಡು ಕೊಳಗ ಇದ್ದವಂತೆ. ಗೇಣಿ ಭತ್ತ ಅಳೆದು ಹಾಕಿಕೊಳ್ಳುವುದಕ್ಕೆ ದೊಡ್ಡದು. ಮಳೆಗಾಲದಲ್ಲಿ ಹೊಟ್ಟೆಗಿಲ್ಲದೆ ಕಡ ಕೇಳಲು ಹೋದರೆ ಕೊಡುವುದಕ್ಕೆ ಸಣ್ಣದು. ಕಣದಲ್ಲಿ ಅಳೆಯುವಾಗ ಮೊದಲನೇ ಕೊಳಗಕ್ಕೆ ‘ಒಂದು’ ಅನ್ನುವುದಿಲ್ಲ, ‘ಲಾಭ’ ಅನ್ನುತ್ತಾರೆ. ಲಾಭ, ಎರಡು, ಮೂರು... ‘ಲಾಭ ಅಂತ ಕೂಗ್ತಿದ್ದವರು ನಾವು. ಲಾಭ ಹೋಗ್ತಿದ್ದದ್ದು ಅವರ ಮನೆಗೆ’ ಎಂದು ಅಜ್ಜ ನಗುತ್ತಾನೆ. ಅಳೆದು ಮುಗಿದ ಮೇಲೆ ಕಣದಲ್ಲಿ ಉಳಿದ ಜೊಳ್ಳನ್ನು ಮುತ್ತಜ್ಜಿ ಎರಡು ಸಲ ತೂರುತ್ತಿದ್ದರಂತೆ.

1951ರಲ್ಲಿ ಸಾಗರದ ಹತ್ತಿರದ ಕಾಗೋಡಿನಲ್ಲಿ ಗೇಣಿ ರೈತರು ಎದ್ದು ನಿಂತರು. ಎಚ್. ಗಣಪತಿಯಪ್ಪನವರು ಸಂಘಟಿಸಿದ ಆ ಹೋರಾಟ ಏಪ್ರಿಲ್‌ನಲ್ಲಿ ಶುರುವಾಯಿತು. ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಅವರೇ ಬಂದು ಬಂಧನಕ್ಕೊಳಗಾದರು. ಕಾಗೋಡು ಸತ್ಯಾಗ್ರಹವನ್ನು ಸಮಾಜವಾದಿ ಚಳವಳಿಯ ದೊಡ್ಡ ಅಧ್ಯಾಯವಾಗಿ ನಾನು ಎಷ್ಟೋ ಸಲ ಓದಿದ್ದೇನೆ, ಪರೀಕ್ಷೆಯಲ್ಲಿ ಬರೆದಿದ್ದೇನೆ. ಆ ಜಗಳದ ಬುಡದಲ್ಲಿ ಇದ್ದದ್ದು ಕೊಳಗದ ಅಳತೆ ಎಂಬುದು ಗೊತ್ತಿತ್ತು. ಗೊತ್ತಿದ್ದೂ ಅದನ್ನು ಶಿವಪ್ಪ ನಾಯಕನ ಪಕ್ಕದಲ್ಲಿಟ್ಟು ನೋಡಲು ನನಗೆ ತೋಚಿರಲಿಲ್ಲ. ಒಂದು 17ನೇ ಶತಮಾನ, ಇನ್ನೊಂದು 20ನೇ ಶತಮಾನ, ಎರಡೂ ಬೇರೆ ಬೇರೆ ಪತ್ರಿಕೆ ಅಲ್ಲವೇ! ಅಜ್ಜನಿಗೆ ಆ ವಿಭಾಗಗಳಿಲ್ಲ. ಅವನಿಗೆ ಎರಡೂ ಒಂದೇ ಕಣ.

ವಾಪಸು ಬಂದು ಅಧ್ಯಾಯವನ್ನು ಮತ್ತೆ ಓದಿದೆ. ಶಿಸ್ತು ಗೊತ್ತು ಮಾಡಿದ್ದು ಅರಮನೆಗೆ ಸಲ್ಲಬೇಕಾದ ಪಾಲನ್ನು. ಅರಮನೆಗೆ ಕಂದಾಯ ಕಟ್ಟುವವನು ಮತ್ತು ಕೆಸರಿಗೆ ಇಳಿಯುವವನು ಒಬ್ಬನೇ ಆಗಿದ್ದಲ್ಲಿ ಅದು ನ್ಯಾಯವೇ. ಇಬ್ಬರೂ ಬೇರೆಯಾಗಿದ್ದಲ್ಲಿ, ಅವರ ನಡುವಿನ ಲೆಕ್ಕಕ್ಕೆ ಆ ಸರಾಸರಿ ಕೈ ಹಾಕುವುದಿಲ್ಲ. ಶಿವಪ್ಪ ನಾಯಕನ ಹಿರಿಮೆ ಇದರಿಂದ ಕಡಿಮೆಯಾಗುವುದಿಲ್ಲ. 1801ರಲ್ಲಿ ಈ ಸೀಮೆಯಲ್ಲಿ ತಿರುಗಾಡಿದ ಬುಕಾನನ್‌ ಕೂಡ ಆ ದೊರೆಯ ಕಂದಾಯದ ವಿಚಾರ ಬರೆದುಕೊಂಡಿದ್ದಾನೆ ಎಂದರೆ, ಜನರ ನಾಲಗೆಯಲ್ಲಿ ಅದು ಎಷ್ಟು ಗಟ್ಟಿಯಾಗಿ ಉಳಿದಿತ್ತು ಎಂದು ತಿಳಿಯುತ್ತದೆ. ಆದರೆ ನಾನು ಆ ದೊರೆಯ ಕಡತವನ್ನು ಕಣದಲ್ಲಿ ಕೂತು ಓದಿರಲಿಲ್ಲ, ಅರಮನೆಯಲ್ಲಿ ಕೂತು ಓದಿದ್ದೆ.

ಹಾಗೆ ನೋಡಿದರೆ ಕೆಳದಿಯ ಅರಸರೂ ಕಣದಿಂದಲೇ ಬಂದವರು. ಗೋಟ್ಜ್ ಕೈ ಕಳೆದುಕೊಂಡ ಹೊತ್ತಿಗೆ ಇಲ್ಲಿ ಚೌಡಪ್ಪ ನಾಯಕ ತಲೆ ಎತ್ತುತ್ತಿದ್ದ. ವಿಜಯನಗರದ ಅಧೀನದಲ್ಲಿ ಸೀಮೆ ಆಳಿದ ಮನೆತನ. 1623ರಲ್ಲಿ ಇಕ್ಕೇರಿಗೆ ಬಂದ ರೋಮಿನ ಪಿಯೆತ್ರೊ ದೆಲ್ಲಾ ವಾಲೆ, ವೆಂಕಟಪ್ಪ ನಾಯಕನನ್ನು ಕಂಡು, ಇವನನ್ನು ರಾಜ ಎನ್ನುವುದಕ್ಕಿಂತ ಪುಟ್ಟ ದೊರೆ ಎನ್ನಬೇಕು ಎಂಬರ್ಥದಲ್ಲಿ ಬರೆದ. ಆದರೆ ಮನೆತನದ ಮೂಲದ ಐತಿಹ್ಯ ಬೇಸಾಯದ್ದು. ಚೌಡ, ಭದ್ರ ಎಂಬ ಅಣ್ಣತಮ್ಮಂದಿರು ಹೊಲ ಉಳುವವರು. ಅವರಿಗೆ ನಿಧಿಯ ಸುಳಿವು ಸಿಗುತ್ತದೆ. ನಿಧಿ ಕೈಗೆ ಬರಬೇಕಾದರೆ ನರಬಲಿ ಬೇಕು. ಮನೆಯ ಇಬ್ಬರು ಆಳುಗಳು, ಎಡವ ಮತ್ತು ಮುರಾರಿ, ತಾವೇ ಬಲಿಯಾಗುತ್ತೇವೆ, ನಮ್ಮ ಹೆಸರು ಉಳಿಸಿ ಎನ್ನುತ್ತಾರೆ. ಅದಕ್ಕೇ ಕೆಳದಿಯ ಅರಸರ ಬಿರುದು ‘ಎಡವಮುರಾರಿ’.

ಇದು ಐತಿಹ್ಯ, ಚರಿತ್ರೆಯಲ್ಲ. ಅವರು ತಾವಾಗಿಯೇ ಒಪ್ಪಿದರು ಎಂಬ ಮಾತನ್ನು ಹೇಳಿದವರು ಬದುಕಿ ಉಳಿದವರು ಎಂಬುದನ್ನೂ ಮರೆಯಬಾರದು. ಆದರೂ ಒಂದು ರಾಜ್ಯದ ಅಡಿಗಲ್ಲಿನ ಕೆಳಗೆ ಇಬ್ಬರು ಆಳುಗಳಿದ್ದಾರೆ ಎಂದು ಆ ರಾಜ್ಯವೇ ತನ್ನ ಬಿರುದಿನಲ್ಲಿ ಒಪ್ಪಿಕೊಂಡಿದೆ. ಗೋಟ್ಜ್‌ನ ಇಡೀ ಆತ್ಮಕಥೆಯಲ್ಲಿ ಅಷ್ಟು ಒಪ್ಪಿಗೆ ನನಗೆ ಕಾಣಲಿಲ್ಲ. ಶಿವಪ್ಪ ನಾಯಕನ ಹನ್ನೆರಡು ವರ್ಷದ ಲೆಕ್ಕದಲ್ಲಿ ಬೀಜ ಉಂಟು, ಖರ್ಚು ಉಂಟು. ಆ ಗದ್ದೆಗಳಲ್ಲಿ ಹನ್ನೆರಡು ಮಳೆಗಾಲ ನಾಟಿ ಮಾಡಿದವರ ಒಂದು ಹೆಸರೂ ನಮ್ಮ ಕೈಗೆ ಬಂದಿಲ್ಲ.

ಇಷ್ಟನ್ನು ಬರೆದು ಅಧ್ಯಾಯ ಮುಗಿಸಬಹುದಿತ್ತು. ಮುಗಿಸಿಯೂ ಇದ್ದೆ. ಆದರೆ ಅಡಿಕೆ ಕೊಯ್ಲಿನ ಹೊತ್ತಿಗೆ ಮತ್ತೆ ಊರಿಗೆ ಹೋದೆ.

1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯಲ್ಲಿ ಅಜ್ಜ ಡಿಕ್ಲರೇಷನ್ ಹಾಕಿದ್ದ. ಏಳನೇ ನಂಬರಿನ ಅರ್ಜಿ. ನ್ಯಾಯಮಂಡಳಿಯ ಮುಂದೆ ನಿಂತು, ಗದ್ದೆ ಮಾಡುತ್ತಿರುವುದು ನಾನೇ ಎಂದು ಹೇಳುವಾಗ ಕಾಲು ನಡುಗಿತ್ತಂತೆ, ಎದುರಿಗೆ ಒಡೇರು ಕೂತಿದ್ದರಂತೆ. ಎರಡು ಎಕರೆ ಚಿಲ್ಲರೆ ನಮ್ಮದಾಯಿತು. ಅಪ್ಪ ಅದರಲ್ಲಿ ಮುಕ್ಕಾಲು ಭಾಗ ತೋಟ ಮಾಡಿದರು. ನನ್ನ ಹಾಸ್ಟೆಲ್ ಫೀಸು ಆ ತೋಟದ್ದು. ಪಹಣಿಯಲ್ಲಿ ನಮ್ಮ ಹೆಸರಿದೆ. ಅಂದರೆ ನಾವೂ ಈಗ ಜಮೀನುದಾರರು.

ಕೊಯ್ಲಿನ ವಾರ ಲೆಕ್ಕ ಬರೆಯುವ ಕೆಲಸ ನನಗೆ ಬಿತ್ತು. ಅಪ್ಪನ ಹಳೆಯ ಲೆಕ್ಕದ ಪುಸ್ತಕಗಳನ್ನು ತಿರುವಿ ಹಾಕಿದೆ. ಹದಿನೈದು ವರ್ಷದ ಲೆಕ್ಕ ಅಚ್ಚುಕಟ್ಟಾಗಿದೆ. ಗೊಬ್ಬರ ಎಷ್ಟು, ಮೈಲುತುತ್ತ ಎಷ್ಟು ಕೆಜಿ, ಕೊಳೆರೋಗದಿಂದ ಹೋದದ್ದು ಎಷ್ಟು, ಮಂಡಿಯಲ್ಲಿ ಸಿಕ್ಕ ದರ ಎಷ್ಟು. ಸರಾಸರಿ ತೆಗೆದರೆ ನಮ್ಮ ಎರಡು ಎಕರೆಗೂ ಒಂದು ಶಿಸ್ತು ಕಟ್ಟಬಹುದು. ಅದರ ನಡುನಡುವೆ: ಗಂಡಾಳು 4. ಹೆಣ್ಣಾಳು 6. ಊಟ ಸೇರಿ. ಊಟ ಬಿಟ್ಟು.

ಹದಿನೈದು ವರ್ಷಗಳಲ್ಲಿ ಒಂದು ಹೆಸರಿಲ್ಲ.

ಅಪ್ಪ ಕೂಲಿಯಲ್ಲಿ ಯಾರಿಗೂ ಮೋಸ ಮಾಡಿದವರಲ್ಲ. ಮರ ಹತ್ತುವವರು, ಅಡಿಕೆ ಸುಲಿಯಲು ಬರುವ ಹೆಂಗಸರು, ಎಲ್ಲರ ಹೆಸರೂ ಮನೆಯಲ್ಲಿ ಎಲ್ಲರಿಗೂ ಗೊತ್ತು. ನನ್ನನ್ನು ಎತ್ತಿ ಆಡಿಸಿದವರಿದ್ದಾರೆ ಅವರಲ್ಲಿ. ಆದರೆ ಇನ್ನೂರು ವರ್ಷದ ಮೇಲೆ ನನ್ನಂಥ ಒಬ್ಬಳು ಈ ಪುಸ್ತಕ ತೆರೆದರೆ ಅವಳಿಗೆ ಸಿಗುವುದು ಮೈಲುತುತ್ತದ ತೂಕ. ನಾಲ್ಕು ವರ್ಷದಿಂದ ನಾನು ಶಿವಪ್ಪ ನಾಯಕನ ಕರಣಿಕರಿಂದ ನಿರೀಕ್ಷಿಸುತ್ತಿದ್ದದ್ದನ್ನು ನನ್ನ ಮನೆಯವರೂ ಬರೆದಿಲ್ಲ.

ಆ ಸಂಜೆ ಕೂಲಿ ಬಟವಾಡೆ ಆದ ಮೇಲೆ ‘ಗಂಡಾಳು 3’ ಎಂದು ಬರೆಯುವ ಜಾಗದಲ್ಲಿ ಮೂರು ಹೆಸರು ಬರೆದೆ. ಹೆಣ್ಣಾಳು ಐದು ಜನ, ಐದು ಹೆಸರು. ಒಬ್ಬರ ಪೂರ್ತಿ ಹೆಸರು ನನಗೆ ಗೊತ್ತಿಲ್ಲ ಎಂದು ಆಗ ತಿಳಿಯಿತು. ಎದ್ದು ಹೋಗಿ ಅಂಗಳದಲ್ಲಿ ಕಾಲು ತೊಳೆಯುತ್ತಿದ್ದ ಅವರನ್ನೇ ಕೇಳಿದೆ. ‘ಅದೆಲ್ಲ ಎಂತಕ್ಕೆ ಮಾರಾಯ್ತಿ, ರೇಷನ್ ಕಾರ್ಡಿಗಾ?’ ಎಂದು ನಕ್ಕು ಹೇಳಿದರು.

ಅಜ್ಜ ಕನ್ನಡಕ ಹಾಕಿಕೊಂಡು ಪುಟವನ್ನು ದೂರ ಹಿಡಿದು ನೋಡಿದ. ‘ಹಿಂಗೆ ಬರೆದ್ರೆ ಪುಸ್ತಕ ಸಾಲೂದಿಲ್ಲ ಮಗಾ’ ಅಂದ.

‘ಇನ್ನೊಂದು ತರಾನ ಅಜ್ಜ’ ಅಂದೆ.