ಪೆಟ್ಟಿಗೆಯ ಮೇಲಣ ಅಂಕೆ

ಪೆಟ್ಟಿಗೆಯ ಮೇಲೆ ಬರೆದುದು ಪೆಟ್ಟಿಗೆಯೊಳಗೂ ಇರಬೇಕೆಂದು ಬಯಸುವುದು ಗೃಹಸ್ಥನಾದವನಿಗೆ ಸಹಜವಾದುದು. ಎಣ್ಣೆಯ ಡಬ್ಬಿಯ ಮೇಲೆ ಒಂದು ಲೀಟರೆಂದಿದ್ದರೆ ಒಂದು ಲೀಟರು ಸುರಿಯಬೇಕು. ಅಕ್ಕಿಯ ಚೀಲದ ಮೇಲೆ ಇಪ್ಪತ್ತೈದು ಕಿಲೋ ಎಂದಿದ್ದರೆ ಇಪ್ಪತ್ತೈದೇ ತೂಗಬೇಕು. ಈ ನ್ಯಾಯವನ್ನು ಹಿಡಿದುಕೊಂಡು ನಾವು ಕಳೆದ ವರ್ಷ ನಿರಪರಾಧಿಯಾದ ಒಬ್ಬ ಅಂಗಡಿಯವರ ಮೇಲೆ ಹರಿಹಾಯ್ದೆವು. ಆಮೇಲೆ ನಮ್ಮ ಆತುರದಿಂದಲೇ ತಾಯಿಯವರ ಹಾಡೊಂದರ ಕೊನೆಯ ನುಡಿಯನ್ನು ಕಳೆದುಕೊಂಡೆವು. ಎರಡಕ್ಕೂ ನಿಮಿತ್ತವಾದುದು ಗೇಣಿಗಿಂತ ಗಿಡ್ಡನಾದ ಒಂದು ಪಟ್ಟಿ. ಈ ವೃತ್ತಾಂತದಿಂದ ವಾಚಕರಲ್ಲಿ ಒಬ್ಬರಿಗಾದರೂ ಪ್ರಯೋಜನವಾದರೆ ನಮ್ಮ ನಷ್ಟವು ಪೂರ್ತಿ ನಷ್ಟವಾಗಲಾರದು.

ನಮ್ಮ ಮನೆಯಿರುವುದು ಬೆಂಗಳೂರಿನ ದಕ್ಷಿಣ ಭಾಗದಲ್ಲಿ, ಬನ್ನೇರುಘಟ್ಟದ ರಸ್ತೆಗೆ ಸೇರಿದಂತಿರುವ ಅರೆಕೆರೆಯಲ್ಲಿ. ಕಾಲೇಜಿನ ವ್ಯಾಸಂಗಕ್ಕಾಗಿ ಸೋದರಳಿಯನು ನಮ್ಮಲ್ಲಿಯೇ ಇದ್ದಾನೆ. 1992ರಲ್ಲಿ ಅವನ ತಾಯಿಯ, ಎಂದರೆ ನಮ್ಮ ತಂಗಿಯ, ಮದುವೆ ನಡೆದಾಗ ನಮ್ಮ ತಾಯಿಯವರಿಂದ ಹಸೆಗೆ ಕರೆಯುವ ಹಾಡು, ಆರತಿಯ ಹಾಡು, ಬೀಸುವ ಪದ ಮೊದಲಾದುವನ್ನು ಹಾಡಿಸಿ ಐದು ಕ್ಯಾಸೆಟ್ಟುಗಳಲ್ಲಿ ತುಂಬಿಟ್ಟಿದ್ದೆವು. ತಾಯಿಯವರು ಈಗಿಲ್ಲ. ಕ್ಯಾಸೆಟ್ಟುಗಳಿಗೋ ಬೂಷ್ಟು ಹಿಡಿಯುತ್ತ ಬಂದಿತ್ತು. ಅವು ಪೂರ್ತಿ ಹಾಳಾಗುವ ಮುನ್ನ ಹಾಡುಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸಿ, ಗೊರಗೊರ ಸದ್ದನ್ನು ತೆಗೆದು ಶುದ್ಧಿಮಾಡಬೇಕೆಂದು ನಿಶ್ಚಯಿಸಿದೆವು. ಆದರೆ ಆರು ವರ್ಷದ ನಮ್ಮ ಯಂತ್ರಕ್ಕೆ ಆ ಕೆಲಸ ಭಾರವಾಯಿತು. "ಮಾವ, ರ್ಯಾಮ್ ಸಾಲದು, ಹೊಸದನ್ನು ತರೋಣ" ಎಂದನು ಸೋದರಳಿಯ.

ರ್ಯಾಮ್ ಎಂಬುದನ್ನು ಅಡಿಗೆಮನೆಯ ಹೋಲಿಕೆಯಿಂದ ಸುಲಭವಾಗಿ ತಿಳಿಯಬಹುದು. ಕಂಪ್ಯೂಟರಿನ ಡಿಸ್ಕು ಉಗ್ರಾಣ, ಪ್ರೊಸೆಸರು ಅಡಿಗೆಯವರು, ರ್ಯಾಮ್ ಒಲೆಯ ಮಗ್ಗುಲ ಕಟ್ಟೆ. ಉಗ್ರಾಣದ ಸಾಮಾನು ಕಟ್ಟೆಗೆ ಬಂದ ಮೇಲೆಯೇ ಪಾಕಕ್ಕೆ ಹೋಗತಕ್ಕದ್ದು. ಕಟ್ಟೆ ಚಿಕ್ಕದಾದರೆ ಉಗ್ರಾಣಕ್ಕೆ ಓಡಾಟ ಹೆಚ್ಚುತ್ತದೆ. ಕಟ್ಟೆಯಿಂದ ಕೈಗೆ ಸಾಮಾನು ಬರುವುದು ತಡವಾದರೆ ಎಂಥ ಚುರುಕಿನ ಅಡಿಗೆಯವರೂ ಸೌಟು ಹಿಡಿದು ಸುಮ್ಮನೆ ನಿಲ್ಲಬೇಕಾಗುತ್ತದೆ.

ಒಂದು ಶನಿವಾರ ಬಸ್ಸು ಹಿಡಿದು ಎಸ್.ಪಿ. ರಸ್ತೆಗೆ ಹೋದೆವು. ಸಾದರ್ ಪತ್ರಪ್ಪ ರಸ್ತೆಯೆಂದು ಅದರ ಪೂರ್ತಿ ಹೆಸರು. ಕಂಪ್ಯೂಟರಿನ ಬಿಡಿಭಾಗಗಳಿಗೆ ಊರಿಗೆಲ್ಲ ಹೆಸರಾದ ಪೇಟೆ. ಅಲ್ಲಿ ಎಂಟೆಂಟು ಗಿಗಾಬೈಟಿನ ಎರಡು ಪಟ್ಟಿಗಳ ಜೋಡಿಯೊಂದನ್ನು ಕೊಂಡೆವು. ಪೆಟ್ಟಿಗೆಯ ಮೇಲೆ ಡಿಡಿಆರ್4 ಎಂದೂ, ಅದರ ಕೆಳಗೆ ದಪ್ಪಕ್ಷರದಲ್ಲಿ 3200 ಎಂದೂ ಅಚ್ಚಾಗಿದ್ದಿತು. ಮನೆಗೆ ಬಂದು ಹಳೆಯ ಜೋಡಿಯನ್ನು ತೆಗೆದು ಹೊಸದನ್ನು ಕೂರಿಸಿದ್ದಾಯಿತು. ವೇಗವನ್ನು ನೋಡೋಣವೆಂದು ಸೋದರಳಿಯನು ಸಿಪಿಯು-ಝಡ್ ಎಂಬ ಚಿಕ್ಕ ತಂತ್ರಾಂಶವನ್ನು ತೆರೆದುಕೊಟ್ಟು ಕಾಲೇಜಿನ ಗೆಳೆಯರಲ್ಲಿಗೆ ಹೋದನು. ನಾವು ಕನ್ನಡಕ ಏರಿಸಿ ನೋಡುತ್ತೇವೆ: 1066!

ನಮ್ಮ ಮನೆಯಾಕೆ ಹಿಂದೆ ನಿಂತು ನೋಡುತ್ತಿದ್ದಳು. "ಮೂರು ಸಾವಿರದ ಇನ್ನೂರಕ್ಕೆ ದುಡ್ಡು ಕೊಟ್ಟು ಸಾವಿರದ ಅರವತ್ತಾರನ್ನು ತಂದಿರಾ? ತರಕಾರಿ ತರುವಾಗಲೂ ನೀವು ಹೀಗೆಯೇ" ಎಂದಳು. ಲೆಕ್ಕ ಹಾಕಿದರೆ ಸರಿಯಾಗಿ ಮೂರರಲ್ಲೊಂದು ಪಾಲು. ನಮಗೆ ರೋಷ ಬಂದಿತು. ಆ ಕ್ಷಣವೇ ಅಂಗಡಿಗೆ ಫೋನು ಮಾಡಿ ಬಾಯಿಗೆ ಬಂದಂತೆ ಆಡಿದೆವು. ಅವರು ಶಾಂತವಾಗಿ, "ಸ್ವಾಮಿ, ಮಾಲಿನಲ್ಲಿ ದೋಷವಿಲ್ಲ. ಬಯೋಸಿಗೆ ಹೋಗಿ ಎಕ್ಸ್‌ಎಂಪಿ ಹಾಕಿದಿರಾ?" ಎಂದು ಕೇಳಿದರು. ಅದೇನೆಂದು ವಿಚಾರಿಸುವ ತಾಳ್ಮೆ ನಮಗಿರಲಿಲ್ಲ. ಗ್ರಾಹಕರ ನ್ಯಾಯಾಲಯದ ಹೆಸರೆತ್ತಿ ಫೋನಿಟ್ಟೆವು.

ಸಂಜೆ ಸೋದರಳಿಯನು ಬಂದು ಸಂಗತಿಯನ್ನು ಕೇಳಿ ತಲೆಯ ಮೇಲೆ ಕೈಹೊತ್ತನು. ಅವನು ವಿವರಿಸಿದುದರ ಸಾರ ಹೀಗಿದೆ.

ಬಾವಿಯ ರಾಟೆಯ ಮೇಲೆ ಒಂದೇ ಹಗ್ಗದ ಎರಡು ತುದಿಗೂ ಕೊಡ ಕಟ್ಟಿದರೆ, ಒಂದು ಇಳಿಯುವಾಗ ಇನ್ನೊಂದು ತುಂಬಿ ಬರುತ್ತದೆ. ಯಾವ ಎಳೆತವೂ ಬರಿದಾಗುವುದಿಲ್ಲ. ಡಿಡಿಆರ್ ಎಂಬ ರ್ಯಾಮಿನ ಕ್ರಮವೂ ಇದೇ. ಅದರ ಗಡಿಯಾರದ ಬಡಿತ ಏರುವಾಗ ಒಮ್ಮೆ, ಇಳಿಯುವಾಗ ಒಮ್ಮೆ ಮಾಹಿತಿ ಸಾಗುತ್ತದೆ. ಇಮ್ಮಡಿ ದರವೆಂಬುದೇ ಆ ಹೆಸರಿನ ಅರ್ಥ. ಪೆಟ್ಟಿಗೆಯವರು ಬರೆಯುವುದು ಸಾಗಾಟದ ಲೆಕ್ಕ. ನಾವು ಪರದೆಯ ಮೇಲೆ ಕಂಡುದು ಬಡಿತದ ಲೆಕ್ಕ. ಸೆಕೆಂಡಿಗೆ 1066 ದಶಲಕ್ಷ ಬಡಿತವೆಂದರೆ 2133 ದಶಲಕ್ಷ ಸಾಗಾಟ. ಹೀಗೆ ಮೂರರಲ್ಲಿ ಎರಡು ಪಾಲು ಮನೆಯಲ್ಲಿಯೇ ಸಿಕ್ಕಿತು.

ಉಳಿದ ಒಂದು ಪಾಲಿನ ಕಥೆ ಬೇರೆ. ಪ್ರತಿಯೊಂದು ಪಟ್ಟಿಯ ಮೇಲೂ ಎಸ್‌ಪಿಡಿ ಎಂಬ ಪುಟ್ಟ ಚಿಪ್ಪಿನಲ್ಲಿ ಅದರ ಜಾತಕವನ್ನು ಬರೆದಿರುತ್ತಾರೆ. ಯಂತ್ರವು ಎಚ್ಚರಗೊಳ್ಳುವಾಗ ಮೊದಲು ಅದನ್ನು ಓದುತ್ತದೆ. ಜೆಡೆಕ್ ಎಂಬ ಮಂಡಲಿಯು ಎಲ್ಲ ತಯಾರಕರಿಗೂ ಸಮಾನವಾದ ನಿಯಮಗಳನ್ನು ಗೊತ್ತುಮಾಡುತ್ತದೆ. ಡಿಡಿಆರ್4ರ ನಿಯಮಾವಳಿಯನ್ನು ಅದು 2012ರಲ್ಲಿ ಪ್ರಕಟಿಸಿತು. ಆ ನಿಯಮದಂತೆ 1.2 ವೋಲ್ಟಿನಲ್ಲಿ ಯಾವ ಯಂತ್ರದಲ್ಲಿಯಾದರೂ ತೊಂದರೆಯಿಲ್ಲದೆ ನಡೆಯುವ ವೇಗಗಳು ಜಾತಕದಲ್ಲಿ ಮೊದಲು ಬರೆದಿರುತ್ತವೆ. ಹೊಸ ಸೊಸೆಯನ್ನು ಮೊದಲ ದಿನವೇ ನೂರು ಎಲೆಯ ಅಡಿಗೆಗೆ ನಿಲ್ಲಿಸುವವರುಂಟೆ? ಯಂತ್ರವೂ ಹಾಗೆಯೇ, ಕ್ಷೇಮವಾದ ವೇಗವನ್ನೇ ಆರಿಸಿಕೊಳ್ಳುತ್ತದೆ. ನಮ್ಮ ಪಟ್ಟಿಗಳಿಗೆ ಅದು 2133.

ಇದೇ ಜಾತಕದಲ್ಲಿ ಎರಡನೆಯ ಕುಂಡಲಿಯೊಂದಿದೆ. 2007ರಲ್ಲಿ ಇಂಟೆಲ್ ಕಂಪನಿಯವರು ಬಳಕೆಗೆ ತಂದ ಇದರ ಹೆಸರೇ ಎಕ್ಸ್‌ಎಂಪಿ. ಹೊಸ ಡಿಡಿಆರ್5 ಪಟ್ಟಿಗಳಿಗೆ ಎಎಂಡಿ ಕಂಪನಿಯವರು 2022ರಲ್ಲಿ ತಂದುದು ಎಕ್ಸ್‌ಪೋ. ಪಟ್ಟಿಯ ತಯಾರಕರು ತಾವು ಪರೀಕ್ಷಿಸಿ ನೋಡಿದ ವೇಗ, ಆ ವೇಗಕ್ಕೆ ಬೇಕಾದ ವಿದ್ಯುತ್ತು, ಕಾಯಬೇಕಾದ ಬಡಿತಗಳ ಸಂಖ್ಯೆ, ಇಷ್ಟನ್ನೂ ಇದರಲ್ಲಿ ಬರೆದಿಡುತ್ತಾರೆ. ನಮ್ಮದರಲ್ಲಿ 3200, 1.35 ವೋಲ್ಟು, 16 ಬಡಿತ ಎಂದಿದ್ದಿತು. ಆದರೆ ಯಜಮಾನನು ಒಪ್ಪಿಗೆ ಕೊಡುವವರೆಗೆ ಯಂತ್ರವು ಈ ಕುಂಡಲಿಯಂತೆ ನಡೆಯುವುದಿಲ್ಲ. ಪೆಟ್ಟಿಗೆಯ ಮೇಲಣ ಅಂಕೆ ಸುಳ್ಳಲ್ಲ. ಆದರೆ ಅದು ಕೇಳಿ ಪಡೆಯಬೇಕಾದ ಅಂಕೆ.

ಕೇಳುವ ವಿಧಾನ ಕಷ್ಟವಲ್ಲ. ಯಂತ್ರವನ್ನು ಹೊತ್ತಿಸಿದೊಡನೆ ಡಿಲೀಟ್ ಕೀಲಿಯನ್ನು ಒತ್ತುತ್ತಿದ್ದರೆ ಅನೇಕ ಯಂತ್ರಗಳಲ್ಲಿ ಬಯೋಸ್ ಎಂಬ ಒಳಮನೆ ತೆರೆಯುತ್ತದೆ. ಅಲ್ಲಿ ಎಕ್ಸ್‌ಎಂಪಿ ಎಂದಿರುವೆಡೆ ಮೊದಲನೆಯ ಪ್ರೊಫೈಲನ್ನು ಆರಿಸಿ, ಉಳಿಸಿ, ಹೊರಬಂದೆವು. ಯಂತ್ರವು ಎರಡು ಮೂರು ಸಲ ಆರಿ ಹೊತ್ತಿಕೊಂಡಿತು. ಮನೆಯಾಕೆ ದೇವರ ಮನೆಯ ಕಡೆ ನೋಡಿದಳು. ಹೊಸ ವೇಗಕ್ಕೆ ಹೊಂದಿಕೊಳ್ಳುವಾಗ ಯಂತ್ರವು ಹೀಗೆ ಮಾಡುವುದುಂಟಂತೆ. ಕಡೆಗೆ ಪರದೆ ಬಂದು 1600 ಎಂದು ತೋರಿಸಿತು, ಇಮ್ಮಡಿಸಿದರೆ 3200. ಪಟ್ಟಿಯೊಂದರಿಂದ ಸೆಕೆಂಡಿಗೆ ಹೆಚ್ಚೆಂದರೆ ಸುಮಾರು 17,000 ಮೆಗಾಬೈಟು ಸಾಗಬಹುದಾಗಿದ್ದುದು 25,600ಕ್ಕೆ ಏರಿತು. ಪತ್ರ ಬರೆಯುವ ಕೆಲಸದಲ್ಲಿ ಯಾವ ಭೇದವೂ ಕಾಣಲಿಲ್ಲವೆಂದು ಸತ್ಯವಾಗಿ ಹೇಳಬೇಕು. ಹಾಡು ಶುದ್ಧಿಮಾಡುವುದು ಮಾತ್ರ ಸ್ವಲ್ಪ ಬೇಗ ಮುಗಿಯತೊಡಗಿತು.

ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ತೆಗೆದಿಟ್ಟ ಹಳೆಯ ಜೋಡಿಯು ಮೇಜಿನ ಮೇಲೆ ಬಿದ್ದಿತ್ತಷ್ಟೆ? ಅದರ ಮೇಲೆ 3000 ಎಂದಿತ್ತು. ಅದೂ ಆರು ವರ್ಷ 2133ರಲ್ಲಿಯೇ ಓಡಿತ್ತೆಂಬುದು ಆಗ ತಿಳಿದುಬಂದಿತು; ನಾವು ಒಂದು ದಿನವೂ ಕೇಳಿದವರಲ್ಲ. ಒಳ್ಳೆಯ ವಸ್ತುವನ್ನು ವ್ಯರ್ಥಮಾಡಬಾರದೆಂದು ಅದನ್ನೂ ಖಾಲಿಯಿದ್ದ ಎರಡು ಗಾಡಿಗಳಲ್ಲಿ ಕೂರಿಸಿ, ನಾಲ್ಕಕ್ಕೂ 3200ರ ವೇಗವನ್ನೇ ಇಟ್ಟೆವು. "ಮಾವ, ಪರೀಕ್ಷೆ ಮಾಡದೆ ಕೆಲಸಕ್ಕೆ ಹಚ್ಚಬೇಡಿ" ಎಂದು ಸೋದರಳಿಯನು ಹೇಳಿದ್ದನು. ಯಂತ್ರವು ಹೊತ್ತಿಕೊಂಡಿತಲ್ಲ, ಇನ್ನೇನು ಪರೀಕ್ಷೆ ಎಂದುಕೊಂಡೆವು. ಎರಡು ದಿನ ಹಾಡುಗಳನ್ನು ಶುದ್ಧಿಮಾಡಿದೆವು. ಜಾಗ ಉಳಿಯಲೆಂದು ಶುದ್ಧಿಮಾಡದ ಮೂಲಪ್ರತಿಗಳನ್ನು ಅಳಿಸಿಯೂಬಿಟ್ಟೆವು.

ಮೂರನೆಯ ದಿನ ಬೀಸುವ ಪದವನ್ನು ಕೇಳಲು ಕುಳಿತೆವು. ತಾಯಿಯವರ ಕಂಠ ತಿಳಿಯಾಗಿ ಬರುತ್ತಿತ್ತು. ಕೊನೆಯ ನುಡಿಗೆ ಬರುವಾಗ ಫಟ್ಟೆಂದು ಸದ್ದಾಗಿ, ಅಲ್ಲಿಂದ ಮುಂದೆ ಬರಿಯ ಕರ್ಕಶ. ಕ್ಯಾಸೆಟ್ಟಿಗೆ ಮೊರೆಹೋಗೋಣವೆಂದರೆ ಅದರ ಟೇಪು ಹಿಂದಿನ ವಾರವೇ ಸಿಕ್ಕಿಕೊಂಡು ಚೂರಾಗಿತ್ತು. ಮನೆಯಾಕೆ ಏನೂ ಅನ್ನಲಿಲ್ಲ. ಅಂದಿದ್ದರೆ ಹಗುರವಾಗುತ್ತಿತ್ತು.

ಆ ರಾತ್ರಿ ಮೆಮ್‌ಟೆಸ್ಟ್86 ಎಂಬ ಪರೀಕ್ಷೆಯ ತಂತ್ರಾಂಶವನ್ನು ಪೆನ್‌ಡ್ರೈವಿನಿಂದ ಓಡಿಸಿದೆವು. ಎರಡನೆಯ ಸುತ್ತಿನಲ್ಲಿ ಕೆಂಪು ಸಾಲುಗಳು ಏಳತೊಡಗಿದುವು. ಹಳೆಯ ಜೋಡಿಯನ್ನು ತೆಗೆದು ಮತ್ತೆ ಓಡಿಸಿದರೆ ನಾಲ್ಕು ಸುತ್ತಿನಲ್ಲಿಯೂ ಒಂದು ತಪ್ಪಿಲ್ಲ. ಒಂದೇ ಪೆಟ್ಟಿಗೆಯಲ್ಲಿ ಬಂದ ಜೋಡಿಗೆ ಮಾತ್ರ ಆ ಪೆಟ್ಟಿಗೆಯ ಅಂಕೆ ಸಲ್ಲುತ್ತದೆ. ಬೇರೆ ಜೋಡಿಯನ್ನು ಬೆರಸಿದರೆ ತಯಾರಕರ ಮಾತು ಅಲ್ಲಿಗೆ ಮುಗಿಯಿತು. ದೊಡ್ಡ ಸರ್ವರುಗಳಲ್ಲಿ ತಪ್ಪನ್ನು ತಿದ್ದಿಕೊಳ್ಳುವ ಇಸಿಸಿ ಎಂಬ ರ್ಯಾಮ್ ಇರುವುದುಂಟು. ಮನೆಯ ಯಂತ್ರಗಳಲ್ಲಿ ಸಾಮಾನ್ಯವಾಗಿ ಇಲ್ಲ. ಕಟ್ಟೆಯ ಮೇಲೆ ಒಂದು ಅಂಕೆ ತಪ್ಪಿದರೆ ಯಂತ್ರವು ಕೂಗಿ ಹೇಳುವುದಿಲ್ಲ. ತಪ್ಪನ್ನೇ ಸರಿಯೆಂದು ಉಗ್ರಾಣಕ್ಕೆ ಸೇರಿಸಿಬಿಡುತ್ತದೆ.

ಆದಕಾರಣ ವಾಚಕರಲ್ಲಿ ನಮ್ಮ ವಿಜ್ಞಾಪನೆ ಇಷ್ಟು. ರ್ಯಾಮನ್ನು ಕೊಳ್ಳುವ ಮೊದಲು ನಿಮ್ಮ ಮದರ್‌ಬೋರ್ಡು, ಪ್ರೊಸೆಸರು ಎರಡೂ ಆ ವೇಗವನ್ನು ತಾಳುವುವೇ ಎಂದು ಅವುಗಳ ತಯಾರಕರ ಪಟ್ಟಿಯಲ್ಲಿ ನೋಡಿರಿ. ಬೇಕಾದಷ್ಟನ್ನು ಒಂದೇ ಪೆಟ್ಟಿಗೆಯಲ್ಲಿ ಕೊಳ್ಳಿರಿ. ಎರಡೇ ಪಟ್ಟಿಯಿದ್ದರೆ ಯಾವ ಎರಡು ಗಾಡಿಗಳಲ್ಲಿ ಇಡಬೇಕೆಂಬುದು ಮದರ್‌ಬೋರ್ಡಿನ ಕೈಪಿಡಿಯಲ್ಲಿರುತ್ತದೆ. ನಾಲ್ಕು ಗಾಡಿಗಳಿರುವ ಅನೇಕ ಬೋರ್ಡುಗಳಲ್ಲಿ, ಪ್ರೊಸೆಸರಿನ ಕಡೆಯಿಂದ ಎಣಿಸಿದರೆ, ಅವು ಎರಡನೆಯದು ಮತ್ತು ನಾಲ್ಕನೆಯದು. ಎಕ್ಸ್‌ಎಂಪಿ ಹಾಕಿದ ಮೇಲೆ ಒಂದು ರಾತ್ರಿ ಪರೀಕ್ಷೆ ನಡೆಯಲಿ. ಕೆಂಪು ಸಾಲು ಬಂದರೆ ನಾಚಿಕೆಪಡದೆ ಒಂದು ಮೆಟ್ಟಿಲು ಇಳಿಯಿರಿ. ಪರದೆಯೇ ಬಾರದಿದ್ದರೆ ಗಾಬರಿ ಬೇಡ. ಬಯೋಸನ್ನು ಮೊದಲಿನ ಸ್ಥಿತಿಗೆ ತರುವ ಉಪಾಯವೂ ಕೈಪಿಡಿಯಲ್ಲಿರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಮೂಲಪ್ರತಿಯನ್ನು ಅಳಿಸಬೇಡಿರಿ.

ಮರುವಾರ ಎಸ್.ಪಿ. ರಸ್ತೆಗೆ ಹೋಗಿ ಅಂಗಡಿಯವರ ಕ್ಷಮೆ ಕೇಳಿದೆವು. ಅವರು ನಕ್ಕು, "ತಿಂಗಳಿಗೆ ಇಬ್ಬರಾದರೂ ಹೀಗೆ ಬೈಯುತ್ತಾರೆ ಸ್ವಾಮಿ; ತಿರುಗಿ ಬಂದವರು ನೀವೇ ಮೊದಲು" ಎಂದು ಕಾಫಿ ತರಿಸಿದರು.

ಹಾಡಿನ ಸಂಗತಿಯೊಂದು ಉಳಿಯಿತು. ತುಮಕೂರಿನಲ್ಲಿರುವ ನಮ್ಮ ಅಕ್ಕನಿಗೆ ಎಪ್ಪತ್ತೆಂಟು ವರ್ಷ. ತಪ್ಪನ್ನೊಪ್ಪಿಕೊಂಡು ಅವಳಿಗೆ ಫೋನು ಮಾಡಿದೆವು. "ತಡಿಯೋ, ಮೊದಲಿಂದ ಹೇಳಿಕೊಂಡು ಬಂದರೆ ಬರುತ್ತೆ" ಎಂದು ಮೊದಲ ನುಡಿಯಿಂದ ಹಿಡಿದಳು. ನಡುವೆ ಎರಡು ಕಡೆ ನಿಂತಳು, ಒಮ್ಮೆ ತಿದ್ದಿಕೊಂಡಳು. ಕೊನೆಯ ನುಡಿ ಬಂದಾಗ ನಮ್ಮ ಮನೆಯಾಕೆ ಸೆರಗಿನಿಂದ ಕಣ್ಣೊರಸಿಕೊಂಡಳು. ಅದನ್ನು ಕಂಪ್ಯೂಟರಿನಲ್ಲಿ ತಾಯಿಯವರ ಕಂಠದ ಮುಂದೆ ಸೇರಿಸಿದ್ದೇವೆ. ಪ್ರತಿಯನ್ನು ಮೂರು ಕಡೆ ಇಟ್ಟಿದ್ದೇವೆ. ಕಂಠ ಬೇರೆಯಾದುದು ಕೇಳಿದವರಿಗೆ ತಿಳಿಯುತ್ತದೆ. ಅದನ್ನು ಮರೆಸುವ ಪ್ರಯತ್ನ ಮಾಡಿಲ್ಲ.