ಉಸಿರು ಹಿಡೀರಿ

ಧಾರೂರಿನಿಂದ ವಿಕಾರಾಬಾದಿನ ಕಡೆ ಹೊರಟರೆ ಅನಂತಗಿರಿಯ ಕಾಡು. ಮೂಸಿ ನದಿ ಹುಟ್ಟುವ ಈ ಗುಡ್ಡದ ಮೇಲೆ ನಿಜಾಮರ ಕಾಲದಲ್ಲೇ ಕ್ಷಯದ ದವಾಖಾನೆ ಕಟ್ಟಿದರು. ಒಳ್ಳೆಯ ಗಾಳಿ, ಒಳ್ಳೆಯ ಊಟ, ವಿಶ್ರಾಂತಿ ಇವೇ ಔಷಧಿಯಾಗಿದ್ದ ಕಾಲ ಅದು. ಹಾಗಾಗಿ ನಮ್ಮ ಸೀಮೆಯಲ್ಲಿ ಎದೆಯ ಎಕ್ಸ್‌ರೇ ಬರೆದುಕೊಟ್ಟರೆ ಸಾಕು, ಹಿರಿಯರ ಕಣ್ಮುಂದೆ ಆ ಗುಡ್ಡವೇ ಬಂದು ನಿಲ್ಲುತ್ತದೆ.

ನಮ್ಮ ಕಾಕಾನಿಗೂ ಹಾಗೇ ಆಯಿತು. ತಾಂಡೂರಿನ ಫರಸಿ ಪಾಲಿಶಿನ ಧೂಳು ಕುಡಿದ ಎದೆ, ಕೆಮ್ಮು ಬಿಡಲೊಲ್ಲದು. ‘ಸೂಜಿ ಚುಚ್ಚತಾರೇನು? ಉಪಾಸ ಇರಬೇಕೇನು?’ ಎಂದರು. ಎರಡೂ ಇಲ್ಲ, ಹೊಟ್ಟೆ ತುಂಬ ಉಂಡೇ ಹೋಗಬಹುದು. ಕೊರಳ ತಾಯಿತ, ಜೇಬಿನ ತಂಬಾಕಿನ ಡಬ್ಬಿ ಮಾತ್ರ ಹೊರಗಿಡಬೇಕು. ಲೋಹ ಬೆಳ್ಳಗೆ ಮೂಡಿ ಶ್ವಾಸಕೋಶವನ್ನು ಮರೆಮಾಡುತ್ತದೆ. 1895ರಲ್ಲಿ ಎಕ್ಸ್‌ರೇ ಕಂಡುಹಿಡಿದ ರೋಂಟ್‌ಗೆನ್ ಹೆಂಡತಿಯ ಕೈಚಿತ್ರ ತೆಗೆದಾಗ ಬೆರಳಲ್ಲಿ ಉಂಗುರ ಹಾಗೇ ಇತ್ತು. ಇಂದಿನ ಟೆಕ್ನಿಶಿಯನ್ ಆಗಿದ್ದರೆ ಬೈಯುತ್ತಿದ್ದ! ಬಸುರಿಯರು ಮಾತ್ರ ಮೊದಲೇ ಹೇಳಿಬಿಡಬೇಕು.

ಎದೆಯನ್ನು ತಣ್ಣನೆಯ ಫಲಕಕ್ಕೆ ಒತ್ತಿ, ಗದ್ದ ಎತ್ತಿ, ಕೈ ಸೊಂಟದ ಮೇಲಿಟ್ಟು, ಭುಜ ಮುಂದೆ ತಂದು ನಿಂತರೆ ಕಾಕಾ ಹೊಲದ ಬದುವಿನ ಜಗಳಕ್ಕೆ ನಿಂತವರ ಹಾಗೆ ಕಂಡರು. ಈ ಭಂಗಿಗೂ ಕಾರಣವಿದೆ. ಭುಜ ಮುಂದೆ ಬಂದರೆ ಬೆನ್ನಿನ ರೆಕ್ಕೆಯೆಲುಬು ಪಕ್ಕಕ್ಕೆ ಸರಿಯುತ್ತದೆ. ಯಂತ್ರ ಆರು ಅಡಿ ಹಿಂದಿರುತ್ತದೆ. ಎದೆ ಫಲಕಕ್ಕೆ ತಾಗಿರುವುದರಿಂದ ಹೃದಯದ ನೆರಳು ಹಿಗ್ಗಿ ಕಾಣುವುದಿಲ್ಲ. ಗೋಡೆಯಾಚೆಯಿಂದ ಹುಡುಗ ಕೂಗಿದ: ‘ಊಪಿರಿ ಪೀಲ್ಚಂಡಿ! ಸಾಂಸ್ ರೋಕೋ! ಅಲ್ಲಾಡಬ್ಯಾಡ್ರಿ!’ ಮೂರು ಭಾಷೆ ಮುಗಿಯುವಷ್ಟರಲ್ಲಿ ಕೆಲಸವೂ ಮುಗಿದಿತ್ತು. ಕಾಕಾ ಇನ್ನೂ ಉಸಿರು ಹಿಡಿದೇ ನಿಂತಿದ್ದರು. ಹತ್ತು ದಿನ ಸುಮ್ಮನೆ ಮನೆಯಲ್ಲಿ ಕೂತರೂ ನೆಲದಿಂದ, ಆಕಾಶದಿಂದ ಮೈಗೆ ತಾಗುವಷ್ಟೇ ವಿಕಿರಣ ಒಂದು ಎದೆಯ ಎಕ್ಸ್‌ರೇಯಲ್ಲಿರುವುದು.

ಫಿಲ್ಮನ್ನು ಬೆಳಕಿಗೆ ಹಿಡಿದಾಗ ಕಾಕಾ ಗಾಬರಿಯಾದರು. ‘ನನ್ನ ಗುಂಡಿಗಿ ಬಲಕ್ಕ ಹೋಗ್ಯದಲ್ಲ!’ ಎದುರಿಗೆ ನಿಂತವರನ್ನು ನೋಡಿದಂತೆ ಓದಬೇಕು, ಅವರ ಎಡ ನಮಗೆ ಬಲ, ಎಂದು ಡಾಕ್ಟರು ನಕ್ಕರು. ಗಾಳಿ ತುಂಬಿದ ಜಾಗ ಕಪ್ಪು, ಎಲುಬು ಬಿಳುಪು. ಮೇಲ್ತುದಿಯಲ್ಲಿ ಒಂದು ಮಸುಕು ಕಲೆಯಿತ್ತು. ಮಾಗಿದ ಹಳೆಯ ಗಾಯವೋ, ಹೊಸ ರೋಗವೋ? ಬರೀ ನೆರಳು ನೋಡಿ ಕ್ಷಯವೆಂದು ತೀರ್ಮಾನಿಸಲಾಗದು, ಕಫ ಪರೀಕ್ಷೆ ಆಗಲೇಬೇಕು. ಹಳೆಯ ಎಕ್ಸ್‌ರೇ ಇದ್ದರೆ ಹೋಲಿಸಬಹುದಿತ್ತು. ಆದರೆ ಮೊಮ್ಮಕ್ಕಳು ಅದನ್ನು ಗ್ರಹಣ ನೋಡಲು ಕತ್ತರಿಸಿ ಹಂಚಿಕೊಂಡಿದ್ದರು.

ಎಕ್ಸ್‌ರೇ ಫಿಲ್ಮ್ ಸೂರ್ಯನಿಂದ ಕಣ್ಣನ್ನು ಕಾಯುವುದಿಲ್ಲ. ಅದನ್ನು ಟ್ರಂಕಿನಲ್ಲಿ ಜೋಪಾನವಾಗಿಡಿ. ಮುಂದಿನ ಸಲ ದವಾಖಾನೆಗೆ ಹೋಗುವಾಗ ಜೊತೆಗೆ ಒಯ್ಯಿರಿ.