894.814ರ ಕಪಾಟು

ಐದು ವರ್ಷ ಯಾರೂ ಒಯ್ಯದ ಪುಸ್ತಕಗಳನ್ನ ರದ್ದಿಗೆ ಹಾಕಿ ಅಂತ ನಾನು ಲೈಬ್ರರಿ ನೋಡ್ಕೊಳ್ಳೋ ಶಾಲೆಯಲ್ಲಿ ಆದೇಶ ಬಂತು. ಡ್ಯೂಯಿ ವರ್ಗೀಕರಣದಲ್ಲಿ ಕನ್ನಡ ಸಾಹಿತ್ಯದ ನಂಬರು 894.814, ನಮ್ಮಲ್ಲಿ ಧೂಳು ಹೆಚ್ಚಿರೋದೂ ಆ ಕಪಾಟಿನಲ್ಲೇ. ತೇಜಸ್ವಿಯವರ 'ಕರ್ವಾಲೊ' ಸಿಕ್ತು. ಬೈಂಡು ಕಿತ್ತುಹೋಗಿತ್ತು, ಕೊನೆಯ ಮುದ್ರೆ 2014ರದು. ನನ್ನ ಹೆಸರಿಗೇ ಇಶ್ಯೂ ಮಾಡ್ಕೊಂಡು ಮನೆಗೆ ತಂದೆ.

ಬೈಂಡಿಂಗ್ ನನ್ನ ಭಾನುವಾರದ ಹುಚ್ಚು. ಹೊಲಿದು, ಮೈದಾ ಅಂಟು ಬಳಿದು, ಮೇಲೆ ರುಬ್ಬುಗುಂಡು ಹೇರಿದೆ. (ದೋಸೆ ಅಂದ್ಕೊಂಡಿದ್ದ ಗಂಡನಿಗೆ ನಿರಾಸೆ.)

"ಇಷ್ಟೆಲ್ಲ ಮಾಡಿ, ಓದೋರು ಯಾರಮ್ಮಾ?" ಅಂದಳು ಮಗಳು.

ಉತ್ತರ ಹೊಳೀಲಿಲ್ಲ. ರಾತ್ರಿ ಹಾರುವ ಓತಿಯ ಭಾಗ ಅವಳಿಗೆ ಓದಿ ಹೇಳಿದೆ. ಎರಡೇ ಪುಟ, ನಿದ್ದೆ ಹೋದ್ಲು.

ಸೋಮವಾರ ಪುಸ್ತಕ ವಾಪಸ್ ಕಪಾಟಿಗೆ ಸೇರಿತು. ಚೀಟಿಯಲ್ಲಿ ಹೊಸ ಮುದ್ರೆ ಇದೆ, ಇನ್ನೈದು ವರ್ಷ ಬಚಾವ್.